ಹಳೇ ಡಾಂಬರು ಎದ್ದಿದೆಯೋ, ಮಲಗಿದೆಯೋ: ಮರುಬಳಕೆ ಮಾಲಿನ ರಸ್ತೆ ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಕಲಬುರಗಿಯಿಂದ ಆಳಂದ ದಿಕ್ಕಿಗೆ ಹೋಗುವ ಒಂದು ಒಳರಸ್ತೆ. 40 ಮಿ.ಮೀ. ದಪ್ಪದ ಬಿಟುಮಿನಸ್ ಕಾಂಕ್ರೀಟ್ (ಬಿಸಿ ಡಾಂಬರು-ಖಡಿ ಮಿಶ್ರಣದ ಮೇಲ್ಪದರ), ಅದರಲ್ಲಿ ಶೇ 20ರಷ್ಟು ಮಿಲ್ಲಿಂಗ್ ಮಾಲು, ಅಂದರೆ ಹಳೇ ರಸ್ತೆ ಕೆತ್ತಿ ತೆಗೆದ ಡಾಂಬರು ಖಡಿ. ಅಕ್ಟೋಬರಿನಲ್ಲಿ ಹಾಕಿದ್ದು. ಮುಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಲ್ಲಿ ಖಡಿ ಕಿತ್ತು ಅಂಚಿಗೆ ಗುಡಿಸಿದಂತೆ ಬಿದ್ದಿತ್ತು. ನಾನು ಹೋಗಿ ನಿಂತಾಗ ಕೇಳಿದ ಮೊದಲ ಮಾತು: "ಹಳೇ ಮಾಲು ಹಾಕಿದ್ರಿ, ಅದಕ್ಕ ಹಿಂಗಾಗ್ಯದ."

ಈ ತೀರ್ಪು ಕೊಡುವುದು ಸುಲಭ, ಆದರೆ ಅದರಿಂದ ಯಾವ ಗುಂಡಿಯೂ ಮುಚ್ಚುವುದಿಲ್ಲ. ಮಿಶ್ರಣ ಕಲಸುವ ಅದೇ ಪ್ಲಾಂಟಿನಿಂದ, ಅದೇ ಪ್ರಮಾಣದಲ್ಲಿ ಹಳೇ ಮಾಲು ಹಾಕಿ ಫೆಬ್ರವರಿಯಲ್ಲಿ ಮಾಡಿದ ಇನ್ನೊಂದು ತುಂಡು ಚೆನ್ನಾಗಿಯೇ ಇತ್ತು. ಹಾಗಾಗಿ "ಎಷ್ಟು ಹಾಕಿದಿರಿ" ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, "ಹಾಕಿದ್ದು ಎದ್ದಿತೇ", ಅಂದರೆ ಹಳೇ ಡಾಂಬರು ಕರಗಿ ಹೊಸದರ ಜೊತೆ ಬೆರೆಯಿತೇ ಎಂದು ಕೇಳಬೇಕಾಯಿತು. ಹತ್ತು ಹದಿನೈದು ವರ್ಷ ಬಿಸಿಲುಂಡ ಡಾಂಬರು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಿರುತ್ತದೆ; ಅದರಲ್ಲಿನ ಎಣ್ಣೆಯಂಥ ಅಂಶ ಕಡಿಮೆಯಾಗಿ ಆಸ್ಫಾಲ್ಟೀನ್ ಎಂಬ ಗಡಸು ಅಂಶ ಹೆಚ್ಚಿರುತ್ತದೆ. ಹಳೇ ಬೆಲ್ಲದ ಅಚ್ಚು ಹೇಗೋ ಹಾಗೆ. ನೀರು ಕುದಿಯುತ್ತಿದ್ದರೆ ಕರಗಿ ಪಾಕಕ್ಕೆ ಸೇರುತ್ತದೆ, ಉಗುರುಬೆಚ್ಚಗಿದ್ದರೆ ಹೆಂಟೆಯಾಗಿ ತಳದಲ್ಲಿ ಕೂಡುತ್ತದೆ. ಕೆಳಗೆ ಬರೆದ ಹೆಚ್ಚಿನ ದೋಷಗಳು ಈ ಒಂದು ವಿಷಯಕ್ಕೇ ಬಂದು ನಿಲ್ಲುತ್ತವೆ.

ಮೊದಲು: ದೋಷ ಮಿಶ್ರಣದ್ದೋ, ನೆಲದ್ದೋ?

ನಮ್ಮ ಕಡೆ ಇದನ್ನು ಬಿಟ್ಟು ಮುಂದೆ ಹೋಗಬಾರದು. ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಎರೆ ಭೂಮಿಯೇ ಹೆಚ್ಚು. ಏಪ್ರಿಲ್-ಮೇ ಬಂದರೆ ತೊಗರಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಮಣ್ಣು ರಸ್ತೆಯ ಅಂಚಿನಡಿಯೂ ಹಾಗೇ ಬಿಡುತ್ತದೆ. ಆಗ ಅಂಚಿನಿಂದ ಒಂದು-ಒಂದೂವರೆ ಮೀಟರ್ ಒಳಗೆ, ರಸ್ತೆಯ ಉದ್ದಕ್ಕೇ ಉದ್ದನೆಯ ಬಿರುಕು ಓಡುತ್ತದೆ. ಬಿರುಕಿನ ಮೇಲೆಯೇ ಕೋರ್, ಅಂದರೆ ರಸ್ತೆ ಕೊರೆದು ತೆಗೆಯುವ ದುಂಡನೆಯ ಮಾದರಿ, ತೆಗೆದು ನೋಡಿ. ಕೆಳಗೆ ಅಗಲ, ಮೇಲೆ ಸಣ್ಣ ಇದ್ದರೆ ಅದು ನೆಲದಿಂದ ಎದ್ದ ಬಿರುಕು. ಮಿಶ್ರಣದಲ್ಲಿ ಹಳೇ ಮಾಲು ಇರಲಿ ಬಿಡಲಿ, ಅದು ಬರುತ್ತಿತ್ತು. ಡಾಂಬರಿನ ಅಂಚಿನಾಚೆಯ ಭುಜ (ಶೋಲ್ಡರ್) ಮುಚ್ಚಿ, ನೀರು ಹರಿಯಲು ಗಟಾರ ಮಾಡಿ, ಪ್ಲಾಂಟಿನವರನ್ನು ಬಿಟ್ಟುಬಿಡಿ.

ಬಿರುಕು ಮೇಲಿನಿಂದ ಶುರುವಾಗಿದ್ದರೆ, ಖಡಿ ಕೀಳುತ್ತಿದ್ದರೆ, ಗಾಲಿ ಜಾಡು ಕುಸಿದಿದ್ದರೆ ಮುಂದೆ ಓದಿ.

ಖಡಿ ಕೀಳುವುದು

ಆಳಂದ ಕಡೆಯ ತುಂಡಿನದು ಇದೇ ರೋಗ. ಮೊದಲು ಮಾಡಿದ ಕೆಲಸ ಟೇಪು ಹಿಡಿದು ಒಂದು ಕೆಟ್ಟ ಜಾಗದಿಂದ ಮುಂದಿನ ಕೆಟ್ಟ ಜಾಗಕ್ಕೆ ಅಳೆದದ್ದು. 47, 50, 48, 49 ಮೀಟರ್. ಸಂಖ್ಯೆಗಳು ಹೀಗೆ ಒಂದೇ ತೆರನಾಗಿ ಬಂದರೆ ಖುಷಿಪಡಬೇಕು, ಅರ್ಧ ರೋಗ ಸಿಕ್ಕಿತೆಂದು. ಟಿಪ್ಪರಿಗೆ 16 ಟನ್ ಮಾಲು, ಪೇವರ್ ಹಾಸುವ ಅಗಲ 3.5 ಮೀಟರ್, ದಪ್ಪ 40 ಮಿ.ಮೀ., ಸಾಂದ್ರತೆ ಘನ ಮೀಟರಿಗೆ 2.35 ಟನ್ ಎಂದು ಇಟ್ಟುಕೊಂಡು ಭಾಗಿಸಿ ನೋಡಿ, ಒಂದು ಟಿಪ್ಪರು 48-49 ಮೀಟರ್ ರಸ್ತೆ ಹಾಸುತ್ತದೆ. ಅಂದರೆ ಪ್ರತಿ ಟಿಪ್ಪರಿನ ಕೊನೆಯ ಮಾಲು ಕೆಟ್ಟಿದೆ. ದಾರಿಯಲ್ಲಿ ತಣ್ಣಗಾದ ಮೇಲ್ಪದರ ಮತ್ತು ಬದಿಗಳ ಮಾಲು ಕೊನೆಗೆ ಉರುಳಿ ಬರುವುದು ಅಲ್ಲಿಯೇ. ತಾಡಪತ್ರಿ ಸರಿಯಾಗಿ ಕಟ್ಟದೆ ಓಡಿಸಿದರೆ ಇನ್ನೂ ಜಾಸ್ತಿ.

ಆದರೆ ಫೆಬ್ರವರಿಯಲ್ಲಿ ಓಡಿದ್ದೂ ಅವೇ ಟಿಪ್ಪರು, ಅವೇ ಹರಿದ ತಾಡಪತ್ರಿ. ಆಗ ಬಾರದ ರೋಗ ಈಗೇಕೆ ಬಂತು? ಪ್ಲಾಂಟಿನ ನೋಟ್‌ಬುಕ್ ತೆರೆದರೆ ಅಕ್ಟೋಬರಿನ ಆ ವಾರ ಮಿಶ್ರಣ ಹೊರಬಿದ್ದ ಶಾಖ 138ರಿಂದ 144 ಡಿಗ್ರಿ ಇತ್ತು. ವಿಜಿ-30 ದರ್ಜೆಯ ಡಾಂಬರಿನ (ವಿಜಿ ಸಂಖ್ಯೆ ಹೆಚ್ಚಿದಷ್ಟೂ ಡಾಂಬರು ಗಟ್ಟಿ) ಮಿಶ್ರಣ 150-165ರಲ್ಲಿ ಹೊರಬರಬೇಕು, ಹಾಸುವಾಗ 140ಕ್ಕಿಂತ ಕೆಳಗಿಳಿಯಬಾರದು. ಇಲ್ಲಿ ಪ್ಲಾಂಟ್ ಬಿಡುವ ಮುಂಚೆಯೇ ಗಡಿ ಮುಗಿದಿತ್ತು. ಕೆಟ್ಟ ಜಾಗದ ಕೋರುಗಳಲ್ಲಿ ಸಾಂದ್ರತೆ ಗರಿಷ್ಠ ಸೈದ್ಧಾಂತಿಕ ಸಾಂದ್ರತೆಯ (ಒಳಗೆ ಗಾಳಿಯೇ ಇಲ್ಲದಿದ್ದರೆ ಇರುವ ಸಾಂದ್ರತೆ) ಶೇ 88-89, ಒಳ್ಳೇ ಜಾಗದಲ್ಲಿ 93. ಬೇಕಿದ್ದದ್ದು ಕನಿಷ್ಠ 92. ತಣ್ಣಗಿನ ಮಾಲಿನ ಮೇಲೆ ರೋಲರ್ ಎಷ್ಟು ಸಲ ಹೋದರೂ ಅಷ್ಟೇ.

ಬರ್ನರ್ ಕೆಟ್ಟಿರಲಿಲ್ಲ. ಕೆಟ್ಟದ್ದು ಹಳೇ ಮಾಲಿನ ಗುಡ್ಡೆಯ ಒಳಗಿತ್ತು: ನೀರು. ಸೆಪ್ಟೆಂಬರ್ ಮಳೆಗೆ ಗುಡ್ಡೆ ಬಯಲಲ್ಲೇ ನೆನೆದಿತ್ತು. ಕೆತ್ತಿದ ಮಾಲಿನಲ್ಲಿ ಪುಡಿ ಹೆಚ್ಚು, ಪುಡಿ ನೀರನ್ನು ಬಿಡುವುದಿಲ್ಲ. ಮೇಲೆ ಒಣಗಿ ಬೆಳ್ಳಗೆ ಕಾಣುವ ಗುಡ್ಡೆಯನ್ನು ಒಂದು ಮೊಳ ಬಗೆದರೆ ಕೈಗೆ ತಂಪು ತಗಲುತ್ತದೆ.

ಇದರ ಲೆಕ್ಕ ಒಂದು ಸಲ ಮಾಡಿ ನೋಡಿದವರು ಜನ್ಮದಲ್ಲಿ ಗುಡ್ಡೆಯನ್ನು ಬಯಲಲ್ಲಿ ಬಿಡುವುದಿಲ್ಲ. ಸಾಮಾನ್ಯ ಪ್ಲಾಂಟಿನಲ್ಲಿ ಹಳೇ ಮಾಲನ್ನು ನೇರ ಬೆಂಕಿಗೆ ಒಡ್ಡುವುದಿಲ್ಲ, ಒಡ್ಡಿದರೆ ನೀಲಿ ಹೊಗೆ ಎದ್ದು ಡಾಂಬರು ಸುಡುತ್ತದೆ. ಹೊಸ ಖಡಿಯನ್ನು ಹೆಚ್ಚು ಕಾಯಿಸಿ, ಆ ಖಡಿಯ ಶಾಖದಿಂದಲೇ ಹಳೇ ಮಾಲನ್ನು ಕಾಯಿಸಬೇಕು. ಹೊರಗಿನ ಶಾಖ 30 ಡಿಗ್ರಿ, ಮಿಶ್ರಣ 155ಕ್ಕೆ ಬರಬೇಕು, ಹಳೇ ಮಾಲು ಶೇ 20 ಎಂದುಕೊಳ್ಳಿ. ಮಾಲು ಪೂರ್ತಿ ಒಣಗಿದ್ದರೆ ಹೊಸ ಖಡಿ ಸುಮಾರು 186 ಡಿಗ್ರಿ ಇದ್ದರೆ ಸಾಕು. ಶೇ 3ರಷ್ಟು ತೇವವಿದ್ದರೆ 208 ಬೇಕು. ಶೇ 5ಕ್ಕೆ 222, ಶೇ 7ಕ್ಕೆ 237. ಹಳೇ ಮಾಲನ್ನು ಶೇ 30ಕ್ಕೆ ಏರಿಸಿ ತೇವ ಶೇ 5 ಇದ್ದರೆ 270 ಡಿಗ್ರಿ. ಡ್ರಮ್ಮಿನ ಮೈಯಿಂದ ಸೋರುವ ಶಾಖ ಇದರಲ್ಲಿ ಸೇರಿಲ್ಲ. ನಿಜದಲ್ಲಿ ಇನ್ನೂ ಹೆಚ್ಚೇ ಬೇಕು. ಒಂದು ಕಿಲೋ ನೀರನ್ನು ಆವಿ ಮಾಡಲು 2,257 ಕಿಲೋಜೂಲ್ ಹೋಗುತ್ತದೆ, ಅದೇ ಒಂದು ಕಿಲೋ ಖಡಿಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಜೂಲೂ ಬೇಡ. ಶಾಖವನ್ನೆಲ್ಲ ನೀರೇ ತಿಂದುಬಿಡುತ್ತದೆ.

ತೇವವನ್ನು ಟಿಪ್ಪರಿನಲ್ಲಿಯೇ ಗುರುತಿಸಬಹುದು. ಮಾಲು ರಾಶಿಯಾಗಿ ನಿಲ್ಲದೆ ಅಗಲಕ್ಕೆ ಚಪ್ಪಟೆಯಾಗಿ, ಬಿಳಿ ಆವಿ ಏಳುತ್ತಿದ್ದರೆ, ಹಿಂದಿನ ಬಾಗಿಲಿನ ಸಂದಿನಿಂದ ಹನಿ ಸೋರುತ್ತಿದ್ದರೆ ನೀರು. ಚಪ್ಪಟೆ ಇದೆ, ಆವಿಯಿಲ್ಲ, ಮಿರಮಿರ ಹೊಳೆಯುತ್ತಿದೆ ಅಂದರೆ ಡಾಂಬರು ಹೆಚ್ಚಾಗಿದೆ. ಚೂಪಾಗಿ ಎತ್ತರಕ್ಕೆ ನಿಂತು ಮಂಕಾಗಿ ಕಂಡರೆ ತಣ್ಣಗಿದೆ, ಇಲ್ಲವೇ ಡಾಂಬರು ಕಡಿಮೆ. ನೀಲಿ ಹೊಗೆ ಅಂದರೆ ಅತಿ ಶಾಖ.

ಲ್ಯಾಬ್ ವರದಿ ಸರಿ, ರಸ್ತೆ ತಪ್ಪು

ಈ ಕೇಸಿನಲ್ಲಿ ಎಲ್ಲರೂ ಎಡವಿದ್ದು ಇಲ್ಲಿ. ಮಿಶ್ರಣವನ್ನು ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕದಲ್ಲಿ ತೊಳೆದು ಡಾಂಬರು ಎಷ್ಟಿದೆ ನೋಡಿದರೆ ಶೇ 5.4, ವಿನ್ಯಾಸದಲ್ಲಿ ಬರೆದಷ್ಟೇ. "ಡಾಂಬರು ಸರಿ ಅದ, ಮತ್ತ ಯಾಕ ಕೀಳ್ತದ?" ಎಂದು ಗುತ್ತಿಗೆದಾರರು ಕೇಳಿದ್ದು ನ್ಯಾಯವೇ.

ದ್ರಾವಕ ಎಲ್ಲ ಡಾಂಬರನ್ನೂ ತೊಳೆದುಬಿಡುತ್ತದೆ, ಖಡಿಗೆ ಅಂಟಿ ಕೆಲಸ ಮಾಡಿದ್ದನ್ನೂ, ಹಳೇ ಹೆಂಟೆಯೊಳಗೆ ಸುಮ್ಮನೆ ಮಲಗಿದ್ದನ್ನೂ. ಹಳೇ ಮಾಲಿನಲ್ಲಿ ಶೇ 4.5 ಡಾಂಬರಿದ್ದರೆ, ಶೇ 20 ಹಾಕಿದಾಗ ಅದರಿಂದ ಶೇ 0.9 ಬರುತ್ತದೆ ಎಂದು ಲೆಕ್ಕ ಹಿಡಿದು, ಹೊಸದನ್ನು 4.5ಕ್ಕೆ ಇಳಿಸಿರುತ್ತಾರೆ. ಆ 0.9ರಲ್ಲಿ ಅರ್ಧವೇ ಕರಗಿತೆನ್ನಿ. ಖಡಿಗಳನ್ನು ಹಿಡಿದಿಟ್ಟಿರುವ ಡಾಂಬರು 4.95. ಕಾಗದದ ಮೇಲೆ ಹೊಟ್ಟೆ ತುಂಬಿದೆ, ರಸ್ತೆ ಹಸಿದಿದೆ.

ಹಾಗಾದರೆ ಎದ್ದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ದೊಡ್ಡ ಯಂತ್ರ ಬೇಡ. ಹಳೇ ಮಾಲನ್ನು 4.75 ಮಿ.ಮೀ. ಜರಡಿಯಲ್ಲಿ ಸೋಸಿ ಕೆಳಗಿನ ಪುಡಿಯನ್ನಷ್ಟೇ ತೆಗೆದುಕೊಳ್ಳಿ. ಹೊಸ, ತೊಳೆದ, 10 ಮಿ.ಮೀ.ಗಿಂತ ದಪ್ಪ ಖಡಿಯನ್ನು ಪ್ಲಾಂಟಿನಲ್ಲಿ ನಿಜವಾಗಿ ಇರುವ ಶಾಖಕ್ಕೆ ಕಾಯಿಸಿ. ಹೊಸ ಡಾಂಬರು ಒಂದು ಹನಿಯೂ ಹಾಕದೆ ಎರಡನ್ನೂ, ಪ್ಲಾಂಟು ಎಷ್ಟು ಸೆಕೆಂಡ್ ಕಲಸುತ್ತದೋ ಅಷ್ಟೇ ಹೊತ್ತು ಕಲಸಿ, ಮತ್ತೆ ಜರಡಿ ಹಿಡಿದು ಖಡಿಯನ್ನು ಬೇರೆ ಮಾಡಿ. ಖಡಿ ಕಪ್ಪಾಗಿದ್ದರೆ ಹಳೇ ಡಾಂಬರು ಎದ್ದು ಮೈಗಂಟಿದೆ. ಚುಕ್ಕೆ ಚುಕ್ಕೆ ಕಂದು ಬಣ್ಣವಷ್ಟೇ ಆಗಿದ್ದರೆ ಮಲಗಿದೆ. ಆ ಖಡಿಯನ್ನೇ ದ್ರಾವಕದಲ್ಲಿ ತೊಳೆದರೆ ಸಂಖ್ಯೆಯೂ ಸಿಗುತ್ತದೆ. ನಮ್ಮ ಬಸಾಲ್ಟ್ ಖಡಿ ಮೊದಲೇ ಕಪ್ಪು, ಕಣ್ಣಿಗೆ ಗೊತ್ತಾಗುವುದಿಲ್ಲ. ನಾನು ಯಾದಗಿರಿ ಕಡೆಯ ಕೆಂಪುಬೆರೆತ ಗ್ರಾನೈಟ್ ಖಡಿ ಒಂದು ಚೀಲ ತರಿಸಿಟ್ಟಿದ್ದೇನೆ, ಈ ಪರೀಕ್ಷೆಗೆಂದೇ. ಅದರ ಮೇಲೆ ಡಾಂಬರು ಸುಳ್ಳು ಹೇಳಲಾರದು.

ಕೋರ್ ಒಡೆದೂ ನೋಡಬಹುದು. ಒಡೆದ ಮೈಯಲ್ಲಿ ಅಡಿಕೆ ಗಾತ್ರದ, ಬೂದುಗಂದು ಬಣ್ಣದ, ಉಗುರಿನಿಂದ ಕೆರೆದರೆ ಪುಡಿಯಾಗುವ ಉಂಡೆ ಸಿಕ್ಕರೆ ಅದು ಒಡೆಯದೆ ಉಳಿದ ಹಳೇ ಹೆಂಟೆ.

ಬಿರುಕು

ಮಳೆಗಾಲ ಕಳೆದು ಡಿಸೆಂಬರ್-ಜನವರಿಯಲ್ಲಿ ರಸ್ತೆಗೆ ಅಡ್ಡಲಾಗಿ ಮೇಲಿನಿಂದ ಸಣ್ಣ ಬಿರುಕು ಬಂದರೆ ರೋಗ ಉಲ್ಟಾ: ಹಳೇ ಡಾಂಬರು ಎದ್ದಿದೆ, ಆದರೆ ಅದನ್ನು ಮೆತ್ತಗೆ ಮಾಡುವಷ್ಟು ಹೊಸತಿಲ್ಲ. ಬೀದರಿನಲ್ಲಿ ಇದು ಬೇಗ ಕಾಣುತ್ತದೆ, ಅಲ್ಲಿ ಚಳಿಗಾಲದ ರಾತ್ರಿ 10 ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ಮಿಶ್ರಣ ಖಡಕ್ ರೊಟ್ಟಿ ಆಗಿರುತ್ತದೆ, ಬಾಗು ಅಂದರೆ ಮುರಿಯುತ್ತದೆ.

ಲೆಕ್ಕ ಸರಳ. ಎರಡು ಡಾಂಬರು ಬೆರೆತಾಗ ಅವುಗಳ ಪೆನೆಟ್ರೇಶನ್ನಿನ (ಸೂಜಿ ಎಷ್ಟು ಇಳಿಯುತ್ತದೆ ಎಂಬ ಅಳತೆ; ಹೆಚ್ಚಿದ್ದರೆ ಮೆತ್ತಗೆ) ಲಾಗರಿದಮ್ಮುಗಳು ಪಾಲಿಗೆ ತಕ್ಕಂತೆ ಕೂಡುತ್ತವೆ. ಹಳೇ ಡಾಂಬರಿನ ಪೆನೆಟ್ರೇಶನ್ 15, ಹೊಸ ವಿಜಿ-30ರದ್ದು 60 ಇರಲಿ. ಒಟ್ಟು ಡಾಂಬರಿನಲ್ಲಿ ಹಳೆಯದು ಆರರಲ್ಲೊಂದು ಪಾಲು ಇದ್ದರೆ ಬೆರೆತದ್ದು 48ರ ಸುಮಾರು; ವಿಜಿ-30ಕ್ಕೆ ಬೇಕಾದ ಕನಿಷ್ಠ 45ರ ಮೇಲೆಯೇ ಇದೆ, ಚಿಂತೆಯಿಲ್ಲ. ಹಳೆಯದು ಮೂರರಲ್ಲೊಂದು ಪಾಲಾದರೆ 38ಕ್ಕೆ ಇಳಿಯುತ್ತದೆ. ಅಲ್ಲಿ ಪೆನೆಟ್ರೇಶನ್ 85ರ ವಿಜಿ-10 ಹಾಕಿದರೆ ಮತ್ತೆ 48ಕ್ಕೆ ಬರುತ್ತದೆ. ಅಮೆರಿಕದ ರಸ್ತೆ ಇಲಾಖೆಗಳ ಒಕ್ಕೂಟದ ಮಾನಕ ಆಶ್ಟೊ ಎಂ 323 ಹೇಳುವುದೂ ಇದೇ ಧಾಟಿ: ಶೇ 15ಕ್ಕಿಂತ ಕಡಿಮೆ ಹಳೇ ಮಾಲಿಗೆ ಡಾಂಬರು ಬದಲಿಸಬೇಡಿ, 15ರಿಂದ 25ಕ್ಕೆ ಒಂದು ದರ್ಜೆ ಮೆತ್ತನೆಯದು, ಅದರಾಚೆಗೆ ಬೆರಕೆಯ ಲೆಕ್ಕ ಮಾಡಿಯೇ ತೀರಬೇಕು. ನಮ್ಮಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 120, 2015ರದ್ದು, ಮರುಬಳಕೆಗೆಂದೇ ಇರುವ ಮಾರ್ಗಸೂಚಿ. ಟೆಂಡರಿನಲ್ಲಿ ಅದರ ಹೆಸರಿದ್ದರೂ ಸೈಟಿನಲ್ಲಿ ಪ್ರತಿ ಇರುವುದಿಲ್ಲ.

ಗಾಲಿ ಜಾಡು ಕುಸಿಯುವುದು

ಹಳೇ ಮಾಲು ಗಟ್ಟಿ, ಹಾಗಾಗಿ ಜಾಡು ಬೀಳುವುದಿಲ್ಲ ಎಂಬ ನಂಬಿಕೆ ಇದೆ. ವಾಡಿ, ಚಿತ್ತಾಪುರ, ಸೇಡಂ ಕಡೆ ಸಿಮೆಂಟ್ ಲಾರಿ ಓಡುವ ರಸ್ತೆಯಲ್ಲಿ ಒಂದು ಬೇಸಿಗೆ ನಿಂತರೆ ಈ ನಂಬಿಕೆ ಹೋಗುತ್ತದೆ. ಮೇಲಿನ ಲೆಕ್ಕ ನಂಬಿ ವಿಜಿ-10 ಹಾಕಿದಿರಿ ಎಂದಿಟ್ಟುಕೊಳ್ಳಿ. ಹಳೇ ಡಾಂಬರು ಏಳಲಿಲ್ಲ. ಆಗ ಖಡಿಗಳ ನಡುವೆ ಇರುವುದು ಬರೀ ವಿಜಿ-10. ಡಾಂಬರಿನ ಭಾರತೀಯ ಮಾನಕ ಐಎಸ್ 73ರ ಪ್ರಕಾರ ಅದು ಏಳು ದಿನದ ಸರಾಸರಿ ಗರಿಷ್ಠ ಶಾಖ 30 ಡಿಗ್ರಿಗಿಂತ ಕಡಿಮೆ ಇರುವ ಜಾಗಕ್ಕೆ ಹೇಳಿದ್ದು. ಕಲಬುರಗಿಯ ಮೇ ತಿಂಗಳಿಗೆ ಅದನ್ನು ಒಡ್ಡುವುದೆಂದರೆ ಬೆಣ್ಣೆಯನ್ನು ಒಲೆ ಪಕ್ಕ ಇಟ್ಟಂತೆ. 38ರಿಂದ 45 ಡಿಗ್ರಿಗೆ ವಿಜಿ-30 ಬೇಕು, ಭಾರೀ ಲಾರಿ ಇದ್ದರೆ ವಿಜಿ-40ರ ಮಾತೂ ಬರುತ್ತದೆ.

ಖಡಿ ಕೀಳುವುದೂ ಜಾಡು ಬೀಳುವುದೂ ಒಂದೇ ಮೂಲದಿಂದ ಬರಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಳೇ ಡಾಂಬರನ್ನು ಮೆತ್ತಗೆ ಮಾಡುವ ರಿಜುವಿನೇಟರ್ ಎಣ್ಣೆಯ ಕಥೆಯೂ ಹಾಗೆ: ಹಳೆಯದಕ್ಕೆಂದು ಹಾಕಿದ ಎಣ್ಣೆ ಹಳೆಯದನ್ನು ಮುಟ್ಟದೆ ಹೊಸ ಡಾಂಬರಿಗೆ ಸೇರಿಕೊಳ್ಳುತ್ತದೆ. ಎಣ್ಣೆಯನ್ನು ಹಳೇ ಮಾಲಿನ ಮೇಲೆಯೇ ಸಿಂಪಡಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ಒಳಗೆ ಬಿಡಬೇಕು.

ಜಾಡಿನ ಜೊತೆ ಮೇಲ್ಮೈ ಕಪ್ಪಗೆ ಮಿಂಚುತ್ತಿದ್ದರೆ ಮಿಶ್ರಣದೊಳಗಿನ ಗಾಳಿ ಸಂದು ಎಷ್ಟಿದೆ ನೋಡಿ. 3ರಿಂದ 5 ಶೇಕಡಾ ಇರಬೇಕಾದದ್ದು 3ಕ್ಕಿಂತ ಕೆಳಗೆ ಹೋಗಿದ್ದರೆ ಪುಡಿ ಹೆಚ್ಚಾಗಿದೆ. ಮಿಲ್ಲಿಂಗ್ ಯಂತ್ರದ ಹಲ್ಲು ಖಡಿಯನ್ನೇ ಒಡೆಯುತ್ತದೆ, ಆ ಪುಡಿಯನ್ನು ಲೆಕ್ಕಕ್ಕೆ ಹಿಡಿಯದೆ ಕ್ರಷರ್ ಡಸ್ಟ್ ಮೊದಲಿನಷ್ಟೇ ಸುರಿದಿರುತ್ತಾರೆ.

ನೀರಿಗೆ ಸಿಪ್ಪೆ ಬಿಡುವುದು

ಕೋರಿನ ಕೆಳಭಾಗದಲ್ಲಿ ಖಡಿ ಬರಿಮೈ ಕಾಣಿಸಿದರೆ ಇದು. ಬಸಾಲ್ಟಿಗೆ ಡಾಂಬರು ಚೆನ್ನಾಗಿ ಅಂಟುತ್ತದೆ. ಶಹಾಪುರ, ಸುರಪುರ ಕಡೆಯ ಗ್ರಾನೈಟಿಗೆ ಅಷ್ಟಾಗಿ ಅಂಟದು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಡಾಂಬರನ್ನು ಗಟ್ಟಿ ಹಿಡಿಯುತ್ತದೆ, ಆದರೆ ಗಾಲಿ ಉಜ್ಜಿ ಉಜ್ಜಿ ನುಣುಪಾಗುತ್ತದೆ. ಮೇಲ್ಪದರಕ್ಕೆ ಅದು ಬೇಡ. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿ ನೋಡಿದರೆ ತಕ್ಷಣದ ಸುಳಿವು ಸಿಗುತ್ತದೆ. ಖಾತ್ರಿಗೆ ನೆನೆಸಿದ ಮತ್ತು ಒಣ ಮಾದರಿಗಳ ಎಳೆತದ ಬಲದ ಅನುಪಾತ ಶೇ 80 ದಾಟಬೇಕು. ಶೇ 2ರಷ್ಟು ತಣಿಸಿದ ಸುಣ್ಣವನ್ನು ಫಿಲ್ಲರಾಗಿ (ಸಂದು ತುಂಬುವ ನುಣ್ಣನೆಯ ಪುಡಿಯಾಗಿ) ಹಾಕುವುದು ಅಗ್ಗದ ಮದ್ದು.

ಗುಡ್ಡೆ

ಇಷ್ಟೆಲ್ಲ ಆದಮೇಲೆ ಪ್ಲಾಂಟಿಗೆ ವಾಪಸು ಬನ್ನಿ, ಗುಡ್ಡೆಯ ಹತ್ತಿರ. ನಾನೀಗ ಯಾವ ದೂರು ಬಂದರೂ ಮೊದಲು ಹೋಗುವುದು ಅಲ್ಲಿಗೇ, ರಸ್ತೆಗೆ ಆಮೇಲೆ.

ಎಲ್ಲ ಹಳೇ ಮಾಲೂ ಒಂದೇ ಅಲ್ಲ. ಹೆದ್ದಾರಿಯ ಮೇಲ್ಪದರ, ಊರೊಳಗಿನ ಹತ್ತು ಸಲ ತೇಪೆ ಹಾಕಿದ ರಸ್ತೆ, ಕೆಳಗಿನ ಮಣ್ಣು-ವೆಟ್ ಮಿಕ್ಸ್ (ಡಾಂಬರಿಲ್ಲದ ಖಡಿಯ ತಳಪದರ) ಸಮೇತ ಜೆಸಿಬಿಯಲ್ಲಿ ಎತ್ತಿದ್ದು, ಎಲ್ಲವನ್ನೂ ಒಂದೇ ಕಡೆ ಸುರಿದಿರುತ್ತಾರೆ. ಗುಡ್ಡೆಯ ಒಂದು ಮಗ್ಗುಲಿನಲ್ಲಿ ಡಾಂಬರು ಶೇ 4, ಇನ್ನೊಂದರಲ್ಲಿ 5.5 ಇದ್ದರೆ, ಶೇ 20 ಹಾಕಿದಾಗ ಮಿಶ್ರಣದಲ್ಲಿ 0.3 ಅತ್ತಿತ್ತ ಆಗುತ್ತದೆ. ನಮಗಿರುವ ಸಲಿಗೆಯೇ ಪ್ಲಸ್-ಮೈನಸ್ 0.3. ಶೇ 40 ಹಾಕಿದರೆ ವ್ಯತ್ಯಾಸ 0.6. ಹಾಗಾಗಿ ಒಂದೊಂದು ರಸ್ತೆಯ ಮಾಲಿಗೆ ಒಂದೊಂದು ಗುಡ್ಡೆ, ಜಾಗವಿಲ್ಲದಿದ್ದರೆ ಲೋಡರಿನಿಂದ ಚೆನ್ನಾಗಿ ಕಲೆಸಿ ಒಂದೇ ಸಮ ಮಾಡಿದ ಗುಡ್ಡೆ. ಮಾದರಿಯನ್ನು ತಳದಲ್ಲಿ ಉರುಳಿದ ದಪ್ಪ ಖಡಿಯಿಂದ ಎತ್ತಬೇಡಿ. ಲೋಡರಿನಿಂದ ಮುಖ ಕಡಿಸಿ ಒಳಗಿನದನ್ನು ತೆಗೆಯಿರಿ, ಐದಾರು ಕಡೆ.

ಜರಡಿ ಹಿಡಿದು ದಪ್ಪ, ಸಣ್ಣ ಎಂದು ಎರಡು ಪಾಲು ಮಾಡಿಟ್ಟರೆ ಅರ್ಧ ತಲೆನೋವು ಹೋಗುತ್ತದೆ. ಆದರೆ ಸೋಸಿದ ಮಾಲನ್ನು ವಾರಗಟ್ಟಲೆ ಮೇ ಬಿಸಿಲಿಗೆ ಬಿಡಬೇಡಿ. ಇಲ್ಲಿನ ಬಿಸಿಲಿಗೆ ಮೇಲ್ಪದರ ಮೆತ್ತಗಾಗಿ, ತನ್ನ ಭಾರಕ್ಕೇ ಅಂಟಿಕೊಂಡು ಮತ್ತೆ ರಸ್ತೆಯೇ ಆಗಿಬಿಡುತ್ತದೆ. ಲೋಡರನ್ನು ಗುಡ್ಡೆಯ ಮೇಲೆ ಹತ್ತಿಸುವ ಚಟವಿದ್ದರಂತೂ ಕೇಳಲೇಬೇಡಿ. ತಾಡಪತ್ರಿ ನೇರ ಹೊದಿಸಿದರೆ ಕೆಳಗೆ ಬೆವರು ನಿಲ್ಲುತ್ತದೆ. ಬದಿ ತೆರೆದ ತಗಡಿನ ಶೆಡ್ಡು, ಇಳಿಜಾರಿನ ಗಟ್ಟಿ ನೆಲ, ಇವೇ ಸರಿ.

ಆಳಂದ ಕಡೆಯ ತುಂಡಿನಲ್ಲಿ ಕೆಟ್ಟ ಜಾಗಗಳನ್ನು ಚೌಕಕ್ಕೆ ಕೊಯ್ದು, ಟ್ಯಾಕ್ ಕೋಟ್ (ಅಂಟಿಸುವ ತೆಳು ಡಾಂಬರು) ಬಳಿದು ಹೊಸದಾಗಿ ತುಂಬಿದೆವು, ಹಳೇ ಮಾಲು ಹಾಕಿಯೇ, ಅಷ್ಟೇ ಶೇ 20. ಬದಲಾದದ್ದು ಮೂರು: ಗುಡ್ಡೆಗೆ ಶೆಡ್ಡು, ಹೊಸ ಡಾಂಬರು ಬೀಳುವ ಮುಂಚೆ ಬಿಸಿ ಖಡಿ-ಹಳೇ ಮಾಲು ಒಣದಾಗಿ ಕಲೆಯುವ ಹೊತ್ತು ಹತ್ತು ಸೆಕೆಂಡ್ ಜಾಸ್ತಿ, ಮತ್ತು ಪ್ಲಾಂಟಿನ ಮೂಲೆಯಲ್ಲಿ ಒಂದು ಗ್ಯಾಸ್ ಒಲೆ, ಕಬ್ಬಿಣದ ಬಾಣಲೆ, ತಕ್ಕಡಿ. ದಿನಾ ಬೆಳಿಗ್ಗೆ ಅಲ್ಲಿನ ಹುಡುಗ ಒಂದು ಕಿಲೋ ಹಳೇ ಮಾಲನ್ನು ಸಣ್ಣ ಉರಿಯಲ್ಲಿ ಶೇಂಗಾ ಹುರಿದಂತೆ ಹುರಿದು, ತೂಕ ಇಳಿಯುವುದು ನಿಂತಮೇಲೆ ಆಪರೇಟರಿನ ಕ್ಯಾಬಿನ್ನಿನ ಕಡೆ ಕೂಗುತ್ತಾನೆ: "ಇವತ್ತ ಮೂರೂವರಿ ಅದ ರೀ!" ತೇವ ಶೇ ಎರಡೂವರೆ ದಾಟಿದರೆ ಆ ದಿನ ಹಳೇ ಮಾಲಿನ ಬೆಲ್ಟು ಶೇ ಹತ್ತಕ್ಕೆ ಇಳಿಯುತ್ತದೆ, ಆ ಹತ್ತಕ್ಕೆ ಮೊದಲೇ ಮಾಡಿಟ್ಟ ಬೇರೆ ಮಿಕ್ಸ್ ಡಿಸೈನ್ ಹಾಳೆ ಕ್ಯಾಬಿನ್ನಿನ ಗೋಡೆಗೆ ಅಂಟಿಸಿದೆ.